ಹುಂಚದ ತಿರುವಿನಲ್ಲಿ ಹೀರೋ ಯಾರು? ಥಾರಾ... ಜಿಮ್ನಿಯಾ...?

ಪರದೆಯ ಮೇಲೆ ಹೀರೋ ಜೀಪಿಗೆ ಹಾರಿ ಕೂತ, ಕೀ ತಿರುಗಿಸಿದ, ಧೂಳೆಬ್ಬಿಸಿಕೊಂಡು ಹೊರಟ ಅಂದ್ರೆ ಸಾಕು, ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೂ ಶಿಳ್ಳೆಯೋ ಶಿಳ್ಳೆ! ಆ ಶಿಳ್ಳೆಯ ರುಚಿ ಹತ್ತಿದ ಮಲೆನಾಡಿನ ಹುಡುಗರ ಬಾಯಲ್ಲಿ ಈಗ ಎರಡು ಹೆಸರು. ಒಂದು ಮಹೀಂದ್ರ ಥಾರ್, ಇನ್ನೊಂದು ಮಾರುತಿ ಜಿಮ್ನಿ. "ಪಿಕಪ್ ಅಂದ್ರೆ ಥಾರ್ ಕಣೋ!" ಅಂತ ಒಬ್ಬ. "ಮಳೆಗಾಲ ಬರಲಿ, ಆಗ ನಮ್ಮ ಜಿಮ್ನಿ ನೋಡುವೆಯಂತೆ!" ಅಂತ ಇನ್ನೊಬ್ಬ. ಬನ್ನಿ ಗೆಳೆಯರೇ, ಈ ಜಗಳವನ್ನು ಹುಂಚದ ರಸ್ತೆಗೇ ತಂದು ಬಗೆಹರಿಸೋಣ.

ಹುಂಚವೇ ಯಾಕೆ ಅಂತೀರಾ? ಸಾಂತರ ಅರಸರು ಆಳಿದ ಊರು, ಪದ್ಮಾವತಿ ಅಮ್ಮನ ಕ್ಷೇತ್ರ, 1077ರ ಪಂಚಕೂಟ ಬಸದಿ ಇರುವ ಜಾಗ. ಭಕ್ತರ ಕಾರು, ಬಸ್ಸು, ಊರವರ ಬೈಕು ಎಲ್ಲಕ್ಕೂ ಒಂದೇ ರಸ್ತೆ. ತೀರ್ಥಹಳ್ಳಿ ಕಡೆಯಿಂದ ಬನ್ನಿ, ರಿಪ್ಪನ್‌ಪೇಟೆ ಕಡೆಯಿಂದ ಬನ್ನಿ, ಏರು, ಇಳಿತ, ತಿರುವು ತಪ್ಪಿದ್ದಲ್ಲ. ಇದೇ ಹೊಸನಗರ ತಾಲ್ಲೂಕಿನಲ್ಲೇ 1343 ಮೀಟರ್ ಎತ್ತರದ ಕೊಡಚಾದ್ರಿ. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆ ಘಾಟಿ. ಗಾಡಿಯ ತಾಕತ್ತು ನೋಡೋಕೆ ಇದಕ್ಕಿಂತ ಅಖಾಡ ಬೇಕೇ?

ಮೊದಲ ಸುತ್ತು: ನೂರರ ಓಟ

ಈಗಿನ ರೂಪದ ಥಾರ್ ಬಂದದ್ದು 2020ರ ಅಕ್ಟೋಬರ್ 2ರಂದು. 2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನು, 150 ಹಾರ್ಸ್ ಪವರ್. ಜಿಮ್ನಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಇಳಿದದ್ದು 2023ರ ಜೂನ್‌ನಲ್ಲಿ. 1.5 ಲೀಟರಿನ ಸಾದಾ ಪೆಟ್ರೋಲ್ ಎಂಜಿನ್ನು, 105 ಹಾರ್ಸ್ ಪವರ್. ನಿಂತ ಜಾಗದಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟೋಕೆ ಥಾರ್‌ಗೆ ಹೆಚ್ಚು ಕಡಿಮೆ 10 ಸೆಕೆಂಡು ಸಾಕು. ಜಿಮ್ನಿಗೆ 13 ಸೆಕೆಂಡಿನ ಮೇಲೇ ಬೇಕು. ಮೊದಲ ಸುತ್ತು ಥಾರ್‌ಗೆ... ಹೊಡೀರಿ ಶಿಳ್ಳೆ!

ಆದರೆ ತಮಾಷೆ ಇರೋದು ಇಲ್ಲಿ. ಥಾರ್ ತೂಕ ಸುಮಾರು 1750 ಕೆ.ಜಿ., ಜಿಮ್ನಿ ಸುಮಾರು 1200 ಕೆ.ಜಿ. ಒಂದು ಟನ್ ತೂಕಕ್ಕೆ ಎಷ್ಟು ಹಾರ್ಸ್ ಪವರ್ ಅಂತ ಭಾಗಿಸಿ ನೋಡಿ. ಎರಡಕ್ಕೂ 86-87ರ ಆಸುಪಾಸು! ಅಂದ್ಮೇಲೆ ಮೂರು ಸೆಕೆಂಡಿನ ವ್ಯತ್ಯಾಸ ಎಲ್ಲಿಂದ ಬಂತು ಸ್ವಾಮಿ?

ಗುಟ್ಟು ಟಾರ್ಕ್‌ನಲ್ಲಿದೆ, ಅಂದ್ರೆ ಚಕ್ರ ತಿರುಗಿಸುವ ಬಲದಲ್ಲಿ. ಗೇರ್ ಹಾಕಿ ಓಡಿಸುವ ಪೆಟ್ರೋಲ್ ಥಾರ್‌ನಲ್ಲಿ 300 ನ್ಯೂಟನ್ ಮೀಟರ್ ಬಲ ಎಂಜಿನ್ನು ನಿಮಿಷಕ್ಕೆ 1250 ಸುತ್ತು ತಿರುಗುವಾಗಲೇ ಕೈಗೆ ಸಿಗುತ್ತೆ. ಜಿಮ್ನಿಯ ಬಲ 134, ಅದೂ ಪೂರ್ತಿ ಸಿಗೋದು 4000 ಸುತ್ತಿಗೆ. ಹಾಗಾಗಿ ಏರಿನಲ್ಲಿ ಥಾರ್ ಇದ್ದ ಗೇರಿನಲ್ಲೇ ಗುಮ್ಮೆಂದು ಎಳೆದುಕೊಂಡು ಹೋಗುತ್ತೆ. ಜಿಮ್ನಿಯವನು ಗೇರ್ ಇಳಿಸಬೇಕು, ಎಂಜಿನ್ನು ಕೂಗಿಸಬೇಕು, ಆಮೇಲೆ ಹತ್ತಬೇಕು.

ಎರಡನೇ ಸುತ್ತು: ಏಳಿಂಚಿನ ಆಟ

ಥಾರ್ ಅಗಲ 1820 ಮಿಲಿಮೀಟರ್, ಜಿಮ್ನಿ ಅಗಲ 1645. ಏಳಿಂಚು ಅಂತರ ಅಷ್ಟೇ ತಾನೇ ಅನ್ನಬೇಡಿ. ತೋಟದ ಬೇಲಿ ಒಂದು ಕಡೆ, ನೀರು ತುಂಬಿದ ಚರಂಡಿ ಇನ್ನೊಂದು ಕಡೆ, ಎದುರಿಗೆ ಬಸ್ಸು! ಆ ಏಳಿಂಚೇ ಆಗ ಮಾನ ಉಳಿಸುತ್ತೆ. ಇಲ್ಲಿ ಜಿಮ್ನಿಗೆ ಚಪ್ಪಾಳೆ.

ಇನ್ನು ಕೊಡಚಾದ್ರಿಯ ಕಲ್ಲು ದಾರಿ. ಎರಡರಲ್ಲೂ ಫೋರ್ ವೀಲ್ ಡ್ರೈವ್ ಇದೆ, ಲೋ ಗೇರ್ ಇದೆ. ಆ ಬೆಟ್ಟವನ್ನು 60 ಚಿಲ್ಲರೆ ಹಾರ್ಸ್ ಪವರಿನ ಹಳೇ ಡೀಸೆಲ್ ಜೀಪುಗಳೇ ಜನ ತುಂಬಿಕೊಂಡು ಹತ್ತಿವೆ. ಅಲ್ಲಿ ಸೆಕೆಂಡಿನ ಲೆಕ್ಕ ಯಾರೂ ಕೇಳಲ್ಲ. ಆಳು ನಡೆಯುವ ವೇಗದಲ್ಲಿ, ಚಕ್ರ ಜಾರದ ಹಾಗೆ ಹತ್ತಿಸುವವನೇ ಅಲ್ಲಿ ಗಂಡೆದೆಯವನು.

ಮೂರನೇ ಸುತ್ತು: ಓವರ್‌ಟೇಕ್

ಈಗ ಸ್ವಲ್ಪ ಸೀರಿಯಸ್ಸಾಗಿ ಕೇಳಿ. ಮುಂದೆ ಬಸ್ಸು 40ರ ವೇಗದಲ್ಲಿ ಹೋಗ್ತಿದೆ, ನೀವು 60ರಲ್ಲಿ ದಾಟಬೇಕು ಅಂತಿಟ್ಟುಕೊಳ್ಳಿ. ಬಸ್ಸಿನ ಉದ್ದ, ಹಿಂದೆ ಮುಂದೆ ಬಿಡುವ ಜಾಗ ಎಲ್ಲಾ ಸೇರಿ ಸುಮಾರು 40 ಮೀಟರ್ ನೀವು ಬಸ್ಸಿಗಿಂತ ಹೆಚ್ಚು ಓಡಬೇಕು. ಅದಕ್ಕೆ 7 ಸೆಕೆಂಡು ಹಿಡಿಯುತ್ತೆ. ಅಷ್ಟರಲ್ಲಿ ನೀವು ಸುಮಾರು 117 ಮೀಟರ್ ಮುಂದೆ ಹೋಗಿರ್ತೀರಿ. ಎದುರಿನಿಂದ ಇನ್ನೊಬ್ಬ 60ರಲ್ಲಿ ಬಂದರೆ ಅವನದ್ದೂ 117. ಒಟ್ಟು 234 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಬೇಕು! ಮಲೆನಾಡಿನ ತಿರುವಿನಲ್ಲಿ ಅಷ್ಟುದ್ದ ಯಾರಿಗೆ ಕಾಣುತ್ತೆ? ಥಾರ್‌ನ ಪಿಕಪ್ ಒಂದೆರಡು ಸೆಕೆಂಡು ಉಳಿಸಬಹುದು. ತಿರುವಿನ ಆಚೆ ಏನಿದೆ ಅಂತ ಯಾವ ಎಂಜಿನ್ನೂ ಹೇಳಲ್ಲ.

ಇನ್ನೊಂದು ಮಾತು. ಮಾಮೂಲಿ ರಸ್ತೆಯಲ್ಲಿ ಎರಡೂ ಗಾಡಿಗೆ ಬಲ ಹೋಗೋದು ಹಿಂದಿನ ಚಕ್ರಕ್ಕೆ. ನೆನೆದ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿ ತುಳಿದ್ರೆ ಹಿಂಭಾಗ ಜಾರೋಕೆ ಎಷ್ಟು ಹೊತ್ತು ಬೇಕು? "ಫೋರ್ ವೀಲ್ ಹಾಕಿದೀನಿ, ನಂಗೇನು ಭಯ!" ಅಂತಾನೆ ಒಬ್ಬ. ಅಯ್ಯೋ ಮರಿ, ಫೋರ್ ವೀಲ್ ಗಾಡೀನ ಹೊರಡಿಸುತ್ತೆ, ನಿಲ್ಲಿಸಲ್ಲ! ನಿಲ್ಲಿಸೋದು ಬ್ರೇಕು, ಟೈರು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟು. 80ರಲ್ಲಿ ಹೋಗುವವನು ಬ್ರೇಕಿನ ಮೇಲೆ ಕಾಲಿಡೋಕೆ ಒಂದು ಸೆಕೆಂಡು ತಗೊಂಡ್ರೂ ಗಾಡಿ ಆಗಲೇ 22 ಮೀಟರ್ ದಾಟಿರುತ್ತೆ.

ಕ್ಲೈಮ್ಯಾಕ್ಸ್

ಕನ್ನಡದ ಹುಡುಗರಿಗೆ ವೇಗ ಅಂದ್ರೆ ನೆನಪಾಗೋದು ಶಂಕರ್‌ನಾಗ್. ‘ಆಟೋ ರಾಜ’ನಾಗಿ ಮೆರೆದವರು, ನಮ್ಮ ಆಗುಂಬೆಯನ್ನೇ ‘ಮಾಲ್ಗುಡಿ’ ಮಾಡಿ ದೇಶಕ್ಕೆಲ್ಲ ತೋರಿಸಿದವರು. 1985ರಲ್ಲಿ ‘ಆಕ್ಸಿಡೆಂಟ್’ ತೆಗೆದು, ಅಮಲಿನಲ್ಲಿ ಓಡುವ ಒಂದು ಕಾರು ಫುಟ್‌ಪಾತಿನ ಬಡವರ ಪ್ರಾಣ ತೆಗೆಯೋದನ್ನು ನಮ್ಮ ಕಣ್ಣಿಗೆ ಕಟ್ಟಿದವರೂ ಅವರೇ. ಅಂಥವರನ್ನು 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆಯೇ ಕಿತ್ತುಕೊಂಡಿತು. ವಯಸ್ಸು ಬರೀ 35. ನಾಲ್ಕು ವರ್ಷಕ್ಕೆ, 1994ರಲ್ಲಿ, ‘ಬೆಳ್ಳಿ ಕಾಲುಂಗುರ’ದ ಸುನಿಲ್ ಕೂಡ ಕಾರು ಅಪಘಾತದಲ್ಲೇ ಹೋದರು. ತಪ್ಪು ಯಾರದ್ದು ಅನ್ನೋ ಮಾತು ಇಲ್ಲಿ ಬೇಡ. ಸಿನಿಮಾದಲ್ಲಿ ಪಲ್ಟಿ ಹೊಡೆದ ಜೀಪಿನಿಂದ ಹೀರೋ ಧೂಳು ಕೊಡವಿಕೊಂಡು ಏಳ್ತಾನೆ, ಯಾಕಂದ್ರೆ ಅಲ್ಲಿ ಡ್ಯೂಪ್ ಇರ್ತಾನೆ. ರಸ್ತೆಯಲ್ಲಿ ಡ್ಯೂಪ್ ಇಲ್ಲ, ರೀಟೇಕೂ ಇಲ್ಲ.

ಹಾಗಾದ್ರೆ ತೀರ್ಪು? ಎಳೆಯುವ ಬಲ ಬೇಕಾ, ಹೈವೇ ಓಟ ಬೇಕಾ, ಥಾರ್ ತಗೊಳ್ಳಿ. 2020ರಲ್ಲೇ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ 4 ಸ್ಟಾರ್ ಪಡೆದ ಗಾಡಿ ಅದು. ಕಿರಿದಾದ ದಾರಿ, ಹಗುರ ಮೈ, ಎಲ್ಲಾ ಮಾಡೆಲ್ಲಿಗೂ 6 ಏರ್‌ಬ್ಯಾಗ್ ಬೇಕಾ, ಜಿಮ್ನಿ ಇದೆ. ಎರಡೂ ಎತ್ತರದ ಗಾಡಿಗಳೇ, ತಿರುವಿನಲ್ಲಿ ದುಡುಕಿದರೆ ಎರಡೂ ಮಗುಚುತ್ತವೆ. ಯಾವುದನ್ನು ಹತ್ತಿದರೂ ಬೆಲ್ಟ್ ಹಾಕಿಕೊಂಡೇ ಕೀ ತಿರುಗಿಸಿ.

ಇನ್ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದ್ರೂ "ನಿನ್ ಗಾಡಿ ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತೋ?" ಅಂದ್ರೆ ನೀವೂ ಒಂದು ಪ್ರಶ್ನೆ ಎಸೀರಿ: "ಅದು ಬಿಡೋ, ಮಳೇಲಿ ಅರವತ್ತರಿಂದ ಎಷ್ಟು ದೂರಕ್ಕೆ ನಿಲ್ಲುತ್ತೆ ಹೇಳು ನೋಡೋಣ!"