ತೀವ್ರ ರಕ್ತಾರ್ಬುದ: ಪತ್ತೆ ಮತ್ತು ವಿಂಗಡಣೆ

ಹೊಸಪೇಟೆ, ಕಂಪ್ಲಿ, ಸಂಡೂರು ಪ್ರಾಂತದಲ್ಲಿ ಮಗುವಿಗೆ ಜ್ವರ ಬಂದು ಪ್ಲೇಟ್‌ಲೆಟ್ ಇಳಿಯಿತೆಂದರೆ ಮೊದಲು ನೆನಪಾಗುವುದು ಡೆಂಗ್ಯೂ. ಆ ಊಹೆ ಬಹುಮಟ್ಟಿಗೆ ಸರಿಯೇ. ಆದರೆ ಜ್ವರ ಬಿಡದೆ, ಮುಖ ಬಿಳಿಚಿ, ಪೆಟ್ಟು ಬೀಳದೆಯೂ ಮೈಮೇಲೆ ನೀಲಿ ಕಲೆಗಳೆದ್ದು, ಮಗು ಮೂಳೆನೋವಿನಿಂದ ನರಳತೊಡಗಿದರೆ ತೀವ್ರ ರಕ್ತಾರ್ಬುದವನ್ನೂ ಶಂಕಿಸಬೇಕು. ಸಂಡೂರಿನ ಗಣಿಧೂಳನ್ನು ಇದಕ್ಕೆ ಹೊಣೆ ಮಾಡುವುದು ಸುಲಭ. ಸಿದ್ಧಪಟ್ಟ ಕಾರಣಗಳಾದರೋ ವಿಕಿರಣ, ಬೆಂಜೀನ್ ಮುಂತಾದ ಕೆಲವೇ. ಬಹುಪಾಲು ರೋಗಿಗಳಲ್ಲಿ ಕಾರಣವೇ ಕಾಣಸಿಗದು.

ಮೂಳೆಯ ಮಜ್ಜೆಯಲ್ಲಿ ಬ್ಲಾಸ್ಟ್ ಎಂಬ ಎಳೆಯ ಕಣಗಳು ಸಹಜವಾಗಿ ನೂರಕ್ಕೆ 5ಕ್ಕಿಂತ ಕಡಿಮೆ. ಈ ರೋಗದಲ್ಲಿ ಅವು ಬಲಿಯದೆಯೇ ವೃದ್ಧಿಸಿ ಉಳಿದ ಕಣಗಳ ಎಡೆಯನ್ನು ಆಕ್ರಮಿಸುತ್ತವೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವನ್ನು ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಅನೇಕ ವೇಳೆ ಅಲ್ಲಿಯೇ ಕಾಣುತ್ತವೆ. ಇಷ್ಟಕ್ಕೆ ಬೆಂಗಳೂರು ಬೇಕಿಲ್ಲ. ಯಂತ್ರ ಕೊಟ್ಟ ಎಣಿಕೆಯ ಚೀಟಿಯನ್ನಷ್ಟೇ ನಂಬಿ ಇದನ್ನು ಕೈಬಿಡುವುದೂ, ಕಾರಣ ತಿಳಿಯುವ ಮುನ್ನ ಸ್ಟೀರಾಯ್ಡ್ ಕೊಡುವುದೂ ಹಾನಿಕರ. ಸ್ಟೀರಾಯ್ಡ್ ಲಿಂಫಾಯ್ಡ್ ಬ್ಲಾಸ್ಟ್‌ಗಳನ್ನು ತತ್ಕಾಲಕ್ಕೆ ಕರಗಿಸಿ ರೋಗವನ್ನು ಮರೆಮಾಡಬಲ್ಲದು.

ಲಿಂಫಾಯ್ಡ್, ಮೈಲಾಯ್ಡ್ ಎಂಬ ಎರಡು ವರ್ಗಗಳೊಳಗಿನ ಪಂಗಡಗಳನ್ನು 1976ರಲ್ಲಿ ಫ್ರಾನ್ಸ್, ಅಮೆರಿಕ, ಬ್ರಿಟನ್‌ಗಳ ತಜ್ಞರು ಕಣಗಳ ರೂಪವನ್ನೂ ಅವು ಬಣ್ಣ ಹೀರುವ ಬಗೆಯನ್ನೂ ನೋಡಿ ಗೊತ್ತುಪಡಿಸಿದರು. ಆದರೆ ರೂಪವು ಮೋಸಗೊಳಿಸಬಲ್ಲದು. ಹಂಪೆಯ ಹೇಮಕೂಟದ ಮೆಟ್ಟಿಲುಶಿಖರದ ಗುಡಿಗಳನ್ನು ಆಕಾರ ನೋಡಿ ಜೈನ ಬಸದಿಗಳೆಂದು ತಿಳಿದವರು ಬಹಳ. ಅಲ್ಲಿರುವ ಕಂಪಿಲರಾಯನ ಶಾಸನವು ಶಿವಲಿಂಗಗಳ ಪ್ರತಿಷ್ಠೆಯನ್ನು ಹೇಳುತ್ತದೆ. ರಕ್ತಕಣದ ಶಾಸನವೆಂದರೆ ಅದರ ಮೇಲ್ಮೈಯ ಪ್ರೋಟೀನುಗಳು ಮತ್ತು ಒಳಗಿನ ಕ್ರೋಮೋಸೋಮುಗಳು. ಮೊದಲನೆಯದನ್ನು ಫ್ಲೋ ಸೈಟೋಮೆಟ್ರಿ ಯಂತ್ರ ಓದುತ್ತದೆ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜೀನುಗಳ ವ್ಯತ್ಯಾಸಕ್ಕೆ ಸ್ಥಾನ ಕೊಟ್ಟು, ಮೈಲಾಯ್ಡ್ ವರ್ಗಕ್ಕೆ ಬೇಕಾದ ಬ್ಲಾಸ್ಟ್ ಪ್ರಮಾಣವನ್ನು ನೂರಕ್ಕೆ 30ರಿಂದ 20ಕ್ಕೆ ಇಳಿಸಿತು. 2022ರ ವಿಂಗಡಣೆಯಲ್ಲಿ, ಕೆಲವು ಜೀನ್‌ದೋಷಗಳು ಕಂಡುಬಂದಲ್ಲಿ ಆ ಮಿತಿಯೂ ಇಲ್ಲ.

ಈ ವಿಂಗಡಣೆ ಪಂಡಿತರ ಹವ್ಯಾಸವಲ್ಲವೆಂಬುದಕ್ಕೆ ಪ್ರೊಮೈಲೋಸೈಟಿಕ್ ಪಂಗಡವೇ ಸಾಕ್ಷಿ. ಇದರಲ್ಲಿ 15 ಮತ್ತು 17ನೆಯ ಕ್ರೋಮೋಸೋಮುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ. ರೋಗಿ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ತೀರಿಹೋಗಬಹುದು. ಆದರೆ ಎ ಜೀವಸತ್ವಕ್ಕೆ ಸಂಬಂಧಿಸಿದ ಟ್ರೆಟಿನಾಯಿನ್ ಗುಳಿಗೆಯ ಗುಣವನ್ನು 1988ರಲ್ಲಿ ಶಾಂಘೈನ ವೈದ್ಯರು ಪ್ರಕಟಿಸಿದ ಮೇಲೆ, ಮುಂದೆ ಆರ್ಸೆನಿಕ್ ಔಷಧವೂ ಅದಕ್ಕೆ ಜೊತೆಯಾಗಿ, ಇದು ಅತ್ಯಂತ ಹೆಚ್ಚಾಗಿ ವಾಸಿಯಾಗುವ ರಕ್ತಾರ್ಬುದಗಳಲ್ಲೊಂದಾಯಿತು. ಜೀನ್ ವರದಿಗೆ ಕಾಯದೆ, ಕಣಗಳ ರೂಪದಿಂದ ಶಂಕೆ ಮೂಡಿದೊಡನೆಯೇ ಗುಳಿಗೆ ಆರಂಭಿಸಬೇಕೆಂಬುದು ನಿಯಮ. ಇಲ್ಲಿ ಆ ಹಳೆಯ ಸೂಕ್ಷ್ಮದರ್ಶಕಕ್ಕೇ ಮತ್ತೆ ಬೆಲೆ.

1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೊಸಪೇಟೆಯಿಂದ 300 ಕಿಲೋಮೀಟರಿಗೂ ಮಿಕ್ಕ ಹಾದಿ. ಹೊರಡುವವರ ಕೈಯಲ್ಲಿ ಬಣ್ಣ ಹಾಕಿದ ಗಾಜಿನ ಪಟ್ಟಿಯೂ, ಹಾಕದ ಒಂದೆರಡೂ, ಅಲ್ಲಿಯವರೆಗೆ ಕೊಟ್ಟ ಔಷಧಗಳ ವಿವರವೂ ಇದ್ದರೆ ಅಲ್ಲಿಯ ವೈದ್ಯರಿಗೆ ಅಮೂಲ್ಯವಾದ ಸಮಯ ಉಳಿಯುತ್ತದೆ.