ಉಸಿರಿನ ಯಂತ್ರವೂ ಒಣಗಿದ ಮೂಗೂ

ಜೋರಾಗಿ ಗೊರಕೆ ಹೊಡೆಯುವವನು ಸುಖನಿದ್ರೆಯಲ್ಲಿರುವನೆಂಬ ಭಾವನೆ ನಮ್ಮ ಜನರಲ್ಲಿ ಬಹು ಹಿಂದಿನಿಂದ ಬಂದುದು. ವಸ್ತುಸ್ಥಿತಿ ಅನೇಕ ವೇಳೆ ಇದಕ್ಕೆ ತೀರ ವಿರುದ್ಧವಾಗಿರುತ್ತದೆ. ಗೊರಕೆಯ ನಡುವೆ ಇದ್ದಕ್ಕಿದ್ದಂತೆ ನಿಶ್ಶಬ್ದ. ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ಸೆಕೆಂಡುಗಳವರೆಗೂ ಉಸಿರಿಲ್ಲ. ಬಳಿಕ ದೊಡ್ಡದೊಂದು ಏದುಸಿರು, ಮತ್ತೆ ಗೊರಕೆ. ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ಉಸಿರುಕಟ್ಟುವ ರೋಗ ಎನ್ನುವರು. ರೋಗ ತೀವ್ರವಾದವರಲ್ಲಿ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಗಂಟೆಗೆ ಮೂವತ್ತು ಬಾರಿಗೂ ಮೀರುತ್ತದೆ. ಪ್ರತಿ ಸಲವೂ ರಕ್ತದಲ್ಲಿನ ಆಮ್ಲಜನಕ ಇಳಿದು, ಮೆದುಳು ಬೆಚ್ಚಿ ಎಚ್ಚರಗೊಳ್ಳುವುದು. ಬೆಳಗಾದ ಮೇಲೆ ರೋಗಿಗೆ ಅದರ ನೆನಪೂ ಇರದು. ನೆನಪಿಲ್ಲದ ಈ ಎಚ್ಚರಗಳ ಸಾಲವನ್ನು ಆತ ಹಗಲಿನ ತೂಕಡಿಕೆಯಲ್ಲಿ ತೀರಿಸಬೇಕಾಗುತ್ತದೆ. ಕಾರಟಗಿಯಿಂದಲೋ ಗಂಗಾವತಿಯಿಂದಲೋ ಭತ್ತ ತುಂಬಿದ ಲಾರಿಯನ್ನು ನಡೆಸುವವನಿಗೆ ಈ ರೋಗವಿದ್ದರೆ ಏನಾಗಬಹುದೆಂಬುದನ್ನು ವಾಚಕರೇ ಊಹಿಸಬಲ್ಲರು.

ಉಸಿರಿನ ದಾರಿ ಮುಚ್ಚುವ ಬಗೆಯನ್ನು ತಿಳಿಯಲು ಶರೀರಶಾಸ್ತ್ರದ ಗ್ರಂಥವನ್ನು ತೆರೆಯಬೇಕಾಗಿಲ್ಲ. ಹೊಲಕ್ಕೆ ಹೋದರೆ ಸಾಕು. ಪಂಪುಸೆಟ್ಟಿನ ನೀರನ್ನು ಹಾಯಿಸಲು ಸುತ್ತಿಡಬಹುದಾದ ತೆಳು ಪ್ಲಾಸ್ಟಿಕ್ ಪೈಪನ್ನು ಬಳಸುವುದನ್ನು ನೀವು ಕಂಡಿರುವಿರಿ. ನೀರು ನೂಕುತ್ತಿರುವಾಗ ಅದು ದುಂಡಗಿರುವುದು, ಪಂಪು ನಿಂತೊಡನೆ ಚಪ್ಪಟೆಯಾಗುವುದು. ಅದೇ ಪೈಪನ್ನು ಬಾವಿಯಿಂದ ನೀರು ಹೀರುವ ಕಡೆಗೆ ಜೋಡಿಸಿದರೆ ನೀರು ಬಾರದು. ಒಳಗಿನ ಒತ್ತಡ ತಗ್ಗಿದ ಕ್ಷಣವೇ ಹೊರಗಿನ ಗಾಳಿ ಅದರ ಎರಡು ಮೈಗಳನ್ನೂ ಒತ್ತಿ ಅಂಟಿಸಿಬಿಡುವುದು. ನಮ್ಮ ಗಂಟಲಿನ ಮೇಲ್ಭಾಗವೂ ಇಂತಹುದೇ ಮೆತ್ತನೆಯ ಕೊಳವೆ. ಎಚ್ಚರದಲ್ಲಿ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ರೆಯಲ್ಲಿ ಅವು ಸಡಿಲಗೊಂಡಾಗ, ಉಸಿರನ್ನು ಒಳಗೆಳೆಯುವ ಕ್ರಿಯೆಯೇ ಗಂಟಲನ್ನು ಮುಚ್ಚುತ್ತದೆ.

ಹಾಗಾದರೆ ಪರಿಹಾರವೂ ಪೈಪಿನಲ್ಲಿಯೇ ಇದೆಯಲ್ಲವೆ? ಹೀರುವುದರ ಬದಲು ನೂಕಬೇಕು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು 1980ರಲ್ಲಿ ಮಾಡಿದ್ದು ಇದನ್ನೇ. ಗಾಳಿಯೂದುವ ಮೋಟಾರಿನಿಂದ ರೋಗಿಯ ಮೂಗಿನೊಳಕ್ಕೆ ಸತತವಾಗಿ ಗಾಳಿಯನ್ನು ನೂಕಿ, ಗಂಟಲು ಮುಚ್ಚದಂತೆ ತಡೆದರು. ಐವರು ರೋಗಿಗಳ ಮೇಲಿನ ಈ ಪ್ರಯೋಗದ ವರದಿ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ ರೋಗ ತೀವ್ರವಾದವರಿಗೆ ಕತ್ತಿನಲ್ಲಿ ರಂಧ್ರ ಕೊರೆಯುವ ಶಸ್ತ್ರಚಿಕಿತ್ಸೆಯನ್ನು ಮಾಡುತ್ತಿದ್ದರು. ಸಲಿವನ್ನರು ಬಳಸಿದ ಒತ್ತಡವಾದರೂ ಎಷ್ಟು? 4.5ರಿಂದ 10 ಸೆಂಟಿಮೀಟರು ಎತ್ತರದ ನೀರಿನ ಕಂಬದಷ್ಟು ಮಾತ್ರ. ವಾಯುಮಂಡಲದ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 1033 ಸೆಂಟಿಮೀಟರು ನೀರಿನ ಕಂಬಕ್ಕೆ ಸಮ. ಅದರ ನೂರರಲ್ಲೊಂದು ಪಾಲು ಹೆಚ್ಚಿಸಿದರೆ ಒಬ್ಬ ಮನುಷ್ಯನ ನಿದ್ರೆ ನೆಟ್ಟಗಾಗುವುದು! ಇಂದು ಸಿ-ಪ್ಯಾಪ್ ಎಂದು ಹೆಸರಾಗಿರುವ ಯಂತ್ರದ ತತ್ತ್ವ ಇಷ್ಟೇ.

ತತ್ತ್ವ ಇಷ್ಟು ಸರಳವಾಗಿದ್ದರೂ ಯಂತ್ರವನ್ನು ಕೊಂಡವರಲ್ಲಿ ಅನೇಕರು ಕೆಲವೇ ವಾರಗಳಲ್ಲಿ ಅದನ್ನು ಅಟ್ಟಕ್ಕೇರಿಸುತ್ತಾರೆ. ಮೂಗು ಒಣಗುತ್ತದೆ, ಗಂಟಲು ಉರಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಮುಖದ ಮೇಲೆ ಹುಣ್ಣಾಗುತ್ತದೆ, ಹೊಟ್ಟೆಯುಬ್ಬರಿಸುತ್ತದೆ. ಯಂತ್ರ ತಮಗೆ ಒಗ್ಗಲಿಲ್ಲವೆಂದು ಅವರು ತೀರ್ಮಾನಿಸುವರು. ನನ್ನ ದೃಷ್ಟಿಯಲ್ಲಿ ಇದು ಅವಸರದ ತೀರ್ಮಾನ. ಈ ಕಾಟಗಳಲ್ಲಿ ಬಹುಪಾಲಿಗೆ ಕಾರಣ ಪ್ರೌಢಶಾಲೆಯ ಭೌತವಿಜ್ಞಾನದ ಪಾಠದಲ್ಲಿಯೇ ಇದೆ.

ಕೊಪ್ಪಳ ಜಿಲ್ಲೆಯ ನವಲಿಯ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಹೂಳಿನಿಂದ ತುಂಗಭದ್ರಾ ಜಲಾಶಯಕ್ಕೆ ಆಗಿರುವ ನಷ್ಟವನ್ನು ತುಂಬಲು ಅಲ್ಲೊಂದು ಸಮತೋಲನ ಜಲಾಶಯವನ್ನು ಕಟ್ಟಬೇಕೆಂಬ ಪ್ರಸ್ತಾವವುಂಟು. ಆ ಊರಿನ ರೈತರೊಬ್ಬರು ಸಿ-ಪ್ಯಾಪ್ ಬಳಸುತ್ತಿರುವರೆಂದು ಭಾವಿಸೋಣ. ಚಳಿಗಾಲದ ಒಂದು ರಾತ್ರಿ, ಅವರ ಕೋಣೆಯ ಉಷ್ಣತೆ 18 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 60. ಅಂತಹ ಒಂದು ಘನಮೀಟರು ಗಾಳಿಯಲ್ಲಿ ಸುಮಾರು 9 ಗ್ರಾಂ ನೀರಾವಿ ಇರುವುದು. ಶ್ವಾಸಕೋಶವನ್ನು ಮುಟ್ಟುವ ವೇಳೆಗೆ ಅದೇ ಗಾಳಿ 37 ಡಿಗ್ರಿಗೆ ಕಾದು, ಆವಿಯಿಂದ ಸಂತೃಪ್ತವಾಗಿ, ಘನಮೀಟರಿಗೆ 44 ಗ್ರಾಂ ನೀರನ್ನು ಹೊತ್ತಿರಬೇಕು. ಉಳಿದ 35 ಗ್ರಾಮನ್ನು ಒದಗಿಸುವ ಹೊಣೆ ಬಹುಮಟ್ಟಿಗೆ ಮೂಗಿನದು. ಆದರೆ ಮೂಗು ಜಾಣ ಗೃಹಸ್ಥ; ಉಸಿರು ಹೊರಕ್ಕೆ ಹೋಗುವಾಗ ಕೊಟ್ಟ ನೀರಿನಲ್ಲಿ ಒಂದು ಪಾಲನ್ನು ವಾಪಸು ಪಡೆದುಕೊಳ್ಳುತ್ತದೆ. ಹೀಗಾಗಿ ಸಾಧಾರಣ ಉಸಿರಾಟದಲ್ಲಿ ಅದಕ್ಕೆ ಬಡತನ ಬಾರದು.

ಈಗ ಮೂಗಿಗೆ ಮಾತ್ರ ಮಾಸ್ಕ್ ತೊಟ್ಟ ನಮ್ಮ ರೈತರ ಬಾಯಿ ನಿದ್ರೆಯಲ್ಲಿ ತೆರೆದುಕೊಂಡಿತೆನ್ನಿ. ಗಾಳಿ ಮೂಗಿನಿಂದ ಒಳಕ್ಕೆ ನುಗ್ಗಿ ನೇರವಾಗಿ ಬಾಯಿಯಿಂದ ಹೊರಕ್ಕೆ ಹರಿಯುವುದು; ಮೂಗಿಗೆ ಮರಳಿ ಬರುವುದೇ ಇಲ್ಲ. ಈ ಸೋರಿಕೆ ನಿಮಿಷಕ್ಕೆ 30 ಲೀಟರೆಂದಿಟ್ಟುಕೊಂಡರೂ ಗಂಟೆಗೆ 1.8 ಘನಮೀಟರು ಗಾಳಿಯಾಯಿತು. ಪ್ರತಿ ಘನಮೀಟರಿಗೆ 35 ಗ್ರಾಮಿನಂತೆ ಗಂಟೆಗೆ 60 ಗ್ರಾಂಗೂ ಮಿಕ್ಕು ನೀರು ಬೇಕು! ಇದು ಗರಿಷ್ಠ ಲೆಕ್ಕ. ಅದರ ಅರ್ಧವಾದರೂ ಮೂಗಿಗೆ ಅದು ಅತಿಭಾರವೇ. ಒಣಗಿದ ಮೂಗಿನ ಒಳಪೊರೆ ಊದಿಕೊಳ್ಳುವುದು. ಊದಿದ ಮೂಗಿನಲ್ಲಿ ಗಾಳಿಗೆ ದಾರಿ ಕಿರಿದಾಗುವುದು. ಮೂಗು ಕಟ್ಟಿದವನು ಬಾಯಿಯನ್ನು ಇನ್ನಷ್ಟು ತೆರೆಯುವನು; ಸೋರಿಕೆ ಇನ್ನಷ್ಟು ಹೆಚ್ಚುವುದು. ಬಾಯಿಯ ಸೋರಿಕೆಯಿಂದ ಮೂಗಿನ ತಡೆ ಹೆಚ್ಚುವುದನ್ನೂ, ಗಾಳಿಯನ್ನು ಬೆಚ್ಚಗೆ ಮಾಡಿ ತೇವಗೊಳಿಸಿದರೆ ಅದನ್ನು ತಡೆಯಬಹುದೆಂಬುದನ್ನೂ 1996ರಲ್ಲಿ ಸಲಿವನ್ನರ ಸಿಡ್ನಿಯ ತಂಡವೇ ತೋರಿಸಿಕೊಟ್ಟಿತು. ಆದುದರಿಂದ “ಯಂತ್ರದಿಂದ ಮೂಗು ಕಟ್ಟಿತು” ಎಂದು ಹೇಳುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ, “ಬೆಳಗ್ಗೆ ನಿಮ್ಮ ಬಾಯಿ ಒಣಗಿರುವುದೆ?” ಎಂಬುದು. ಹೌದೆಂದರೆ ನೀರಿನ ತೊಟ್ಟಿಯುಳ್ಳ ಬಿಸಿ ಆರ್ದ್ರಕ, ಗಲ್ಲವನ್ನು ಎತ್ತಿ ಹಿಡಿಯುವ ಪಟ್ಟಿ, ಇಲ್ಲವೆ ಮೂಗು ಬಾಯಿಗಳೆರಡನ್ನೂ ಮುಚ್ಚುವ ಮಾಸ್ಕ್, ಇವುಗಳಲ್ಲೊಂದು ನೆರವಾಗುವುದು. ಧೂಳಿನಿಂದಲೋ ನೆಗಡಿಯಿಂದಲೋ ಮೂಗು ಮೊದಲೇ ಕಟ್ಟಿದ್ದರೆ ಅದಕ್ಕೆ ಚಿಕಿತ್ಸೆಯಾಗಬೇಕು. ಒಕ್ಕಣೆಯ ಕಾಲದಲ್ಲಿ ಯಂತ್ರದ ಗಾಳಿಸೋಸಕವನ್ನು ಪದೇ ಪದೇ ನೋಡುತ್ತಿರುವುದು ಒಳ್ಳೆಯದು.

ಆರ್ದ್ರಕವನ್ನು ಜೋಡಿಸಿದ ರೈತರು ಮರುದಿನ ಬೇರೊಂದು ದೂರನ್ನು ತರಬಹುದು: ನಡುರಾತ್ರಿ ಮುಖದ ಮೇಲೆ ನೀರು ಚಿಮ್ಮಿತು, ಪೈಪಿನಲ್ಲಿ ಗುಳುಗುಳು ಸದ್ದಾಯಿತು. ಹುಲ್ಲಿನ ಮೇಲೆ ಇಬ್ಬನಿ ಕೂಡುವ ನಿಯಮವೇ ಇಲ್ಲಿಯೂ ಕೆಲಸ ಮಾಡಿದೆ. ಆರ್ದ್ರಕದಿಂದ 27 ಡಿಗ್ರಿಯಲ್ಲಿ ಸಂತೃಪ್ತವಾಗಿ ಹೊರಟ ಗಾಳಿಯಲ್ಲಿ ಘನಮೀಟರಿಗೆ 26 ಗ್ರಾಮಿನಷ್ಟು ಆವಿಯಿರುವುದು. ತಣ್ಣನೆಯ ಕೋಣೆಯ ಪೈಪಿನಲ್ಲಿ ಅದು 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ ಆವಿಯಾಗಿ ಉಳಿಯಬಲ್ಲುದು, ಮಿಕ್ಕುದು ನೀರಾಗುವುದು. ಗಂಟೆಗೆ ಎರಡು ಘನಮೀಟರು ಗಾಳಿ ಹಾಯುವ ಪೈಪಿನಲ್ಲಿ ಹೀಗೆ ಮೂರು ನಾಲ್ಕು ಟೀ ಚಮಚ ನೀರು ಕೂಡಬಹುದು. ಪೈಪಿಗೆ ಉಣ್ಣೆಯ ಬಟ್ಟೆ ಸುತ್ತಬೇಕು, ಇಲ್ಲವೆ ಆರ್ದ್ರಕದ ಕಾವನ್ನು ಒಂದು ಮೆಟ್ಟಿಲು ಇಳಿಸಬೇಕು. ಯಂತ್ರವನ್ನು ಹಾಸಿಗೆಗಿಂತ ತಗ್ಗಿನಲ್ಲಿಟ್ಟರೆ ಕೂಡಿದ ನೀರು ಮುಖದತ್ತ ಬರದು. ತಂತಿಯಿಂದ ಬಿಸಿಯಾಗುವ ಪೈಪುಗಳೂ ಉಂಟು. ತೊಟ್ಟಿಗೆ ಕೊಳವೆಬಾವಿಯ ಗಡಸುನೀರನ್ನು ಹಾಕಬಾರದು. ಆವಿ ಮೇಲೇರಿದಂತೆ ಲವಣಗಳೆಲ್ಲ ತಳದಲ್ಲಿ ಉಳಿದು ಬಿಳಿಯ ಗಾರೆ ಕಟ್ಟುವುದು. ಕುದಿಸಿ ಆರಿಸಿದರೂ ಲವಣ ಹೋಗದು. ಭಟ್ಟಿಯಿಳಿಸಿದ ನೀರೇ ಬೇಕು. ಅದನ್ನೂ ದಿನದಿನವೂ ಚೆಲ್ಲಿ ತೊಟ್ಟಿಯನ್ನು ತೊಳೆದು ಒಣಗಿಸಬೇಕು.

ಮುಖದ ಹುಣ್ಣಿನ ಮಾತು ಇನ್ನೂ ಸ್ವಾರಸ್ಯವಾದುದು. ಗಾಳಿ ಸೋರಿದೊಡನೆ ಪಟ್ಟಿಯನ್ನು ಬಿಗಿಯುವುದು ಎಲ್ಲರ ಸ್ವಭಾವ. ಮಾಸ್ಕಿನ ಬಾಯಿ 30 ಚದರ ಸೆಂಟಿಮೀಟರು, ಒತ್ತಡ 10 ಸೆಂಟಿಮೀಟರು ನೀರು ಎಂದರೆ ಅದನ್ನು ಮುಖದಿಂದ ದೂರ ತಳ್ಳುವ ಬಲ 300 ಗ್ರಾಂ ತೂಕಕ್ಕೆ ಸಮ. ಅದಕ್ಕಿಂತ ತುಸು ಹೆಚ್ಚು ಬಿಗಿ ಸಾಕು. ಮಾಸ್ಕಿನ ತೆಳುವಾದ ಅಂಚು ಒಳಗಿನ ಗಾಳಿಯಿಂದಲೇ ಉಬ್ಬಿ ಚರ್ಮಕ್ಕೆ ಅಂಟಿಕೊಳ್ಳುವಂತೆ ರಚಿತವಾಗಿದೆ. ಅತಿಯಾಗಿ ಬಿಗಿದರೆ ಅಂಚು ಮಡಿಸಿ ಸುಕ್ಕುಗಟ್ಟಿ ಸೋರಿಕೆ ಹೆಚ್ಚುವುದು. ಮೂಗಿನ ದಿಂಡಿನ ಬಳಿ ಸೋರಿದ ಗಾಳಿ ನೇರವಾಗಿ ಕಣ್ಣಿಗೆ ಬಡಿಯುವುದರಿಂದಲೇ ಕಣ್ಣು ಕೆಂಪಾಗುವುದು. ಮಲಗಿದಾಗ ಮುಖದ ಆಕಾರವೂ ಬದಲಾಗುತ್ತದೆ. ಆದುದರಿಂದ ಪಟ್ಟಿಗಳನ್ನು ಕುಳಿತುಕೊಂಡಲ್ಲ, ಮಲಗಿ, ಯಂತ್ರ ನಡೆಯುತ್ತಿರುವಾಗಲೇ ಸರಿಪಡಿಸಿಕೊಳ್ಳತಕ್ಕದ್ದು.

ಇಲ್ಲೊಂದು ಎಚ್ಚರಿಕೆ. ಮಾಸ್ಕಿನಲ್ಲಿ ಸಣ್ಣ ರಂಧ್ರಗಳಿದ್ದು ಅವುಗಳಿಂದ ಗಾಳಿ ಸದಾ ಹೊರಬೀಳುತ್ತಿರುತ್ತದೆ. ಅದು ಕೆಟ್ಟ ಸೋರಿಕೆಯಲ್ಲ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡು ಹೊರಹೋಗುವ ದಾರಿ. ಸದ್ದು ನಿಲ್ಲಲೆಂದು ಅವನ್ನು ಅಂಟುಪಟ್ಟಿಯಿಂದ ಮುಚ್ಚಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುವುದು, ಇದು ಪ್ರಾಣಾಪಾಯಕರ. ವಿದ್ಯುತ್ತು ನಿಂತಾಗ ಮೂಗಿನ ಮಾಸ್ಕ್ ಧರಿಸಿದವನು ಬಾಯಿಯಿಂದ ಉಸಿರಾಡಬಲ್ಲ. ಪೂರ್ಣ ಮಾಸ್ಕಿನಲ್ಲಿ ಒತ್ತಡ ಬಿದ್ದೊಡನೆ ಹೊರಗಾಳಿಗೆ ತೆರೆದುಕೊಳ್ಳುವ ಕವಾಟವಿರುತ್ತದೆ. ಅದು ಅಂಟಿಕೊಂಡಿಲ್ಲವೆಂಬುದನ್ನು ಮಾಸ್ಕ್ ತೊಳೆದಾಗಲೆಲ್ಲ ನೋಡಿಕೊಳ್ಳಬೇಕು.

ಹೊಟ್ಟೆಯುಬ್ಬರ ಮಾತ್ರ ಮನೆಯಲ್ಲಿ ಕುಳಿತು ಬಗೆಹರಿಸತಕ್ಕದ್ದಲ್ಲ. ಗಾಳಿ ಅನ್ನನಾಳಕ್ಕೂ ನುಗ್ಗುತ್ತಿದೆಯೆಂದು ಅದರ ಅರ್ಥ. ತಲೆಯ ಕಡೆಯನ್ನು ತುಸು ಎತ್ತರಿಸಿ ಮಲಗಿದರೆ ಕೆಲವರಿಗೆ ಹಿತವಾಗಬಹುದು. ಆದರೂ ಕಾಟ ನಿಲ್ಲದಿದ್ದರೆ ಒತ್ತಡವನ್ನು ಬದಲಿಸಬೇಕಾದವರು ವೈದ್ಯರು. ಉಸಿರು ಬಿಡುವಾಗ ಒತ್ತಡ ಇಳಿಸುವ ಯಂತ್ರಗಳೂ, ಅಗತ್ಯವಿದ್ದಷ್ಟನ್ನೇ ತಾವಾಗಿ ಕೊಡುವ ಯಂತ್ರಗಳೂ ಈಗ ಉಂಟು. ಇಂದಿನ ಬಹುತೇಕ ಯಂತ್ರಗಳು ಪ್ರತಿ ರಾತ್ರಿಯ ಒತ್ತಡ, ಸೋರಿಕೆ, ಬಳಕೆಯ ಗಂಟೆಗಳನ್ನು ಒಂದು ಚಿಕ್ಕ ಕಾರ್ಡಿನಲ್ಲಿ ದಾಖಲಿಸಿಡುತ್ತವೆ. ವೈದ್ಯರಲ್ಲಿಗೆ ಹೋಗುವಾಗ ರೋಗಿ ಅದನ್ನು ಜೊತೆಗೊಯ್ದರೆ, ತಾನು ನಿದ್ರಿಸಿದ್ದಾಗ ನಡೆದುದನ್ನು ಬಾಯಿಮಾತಿನಲ್ಲಿ ವಿವರಿಸುವ ಕಷ್ಟ ಆತನಿಗೆ ತಪ್ಪುತ್ತದೆ.