ಬ್ಯಾಡಗಿಯ ಕೆಂಪು, ಫೋನಿನ ತೀರ್ಮಾನ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರ ವ್ಯಾಪಾರದ ದಿನ. ಹಂಗಾಮು ಏರಿದಾಗ ಎಪಿಎಂಸಿ ಪ್ರಾಂಗಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಲಾಲಿ ಅಂಗಡಿಗಳ ಮುಂದೆ ಚೀಲಗಳ ಸಾಲು, ಗಾಳಿಯ ತುಂಬ ಘಾಟು. ಚೀಲದ ಬಾಯಿ ಬಿಚ್ಚಿ ನಾಲ್ಕು ಹಿಡಿ ಕಾಯಿ ಹೊರಗೆ ಸುರುವಿ, ಖರೀದಿದಾರರ ಕಡೆಯವರು ಫೋನ್ ಹಿಡಿದು ಫೋಟೊ ಹೊಡೆಯುತ್ತಾರೆ. ಎರಡು ನಿಮಿಷದೊಳಗೆ ಅದು ದೂರದೂರಿನ ಪಾರ್ಟಿಯ ವಾಟ್ಸ್‌ಆ್ಯಪ್‌ಗೆ ಹೋಗಿ ಮುಟ್ಟಿರುತ್ತದೆ. ಅಲ್ಲಿಂದ ಬರುವ ಮೊದಲ ಪ್ರಶ್ನೆ: ಕಲರ್ ಹೆಂಗೈತಿ?

ಆ ಪ್ರಶ್ನೆಗೆ ಅರ್ಥವಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತರುವುದು ಖಾರವಲ್ಲ, ಬಣ್ಣ. ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಖಾರ ಕಡಿಮೆ, ಕೆಂಪು ಗಾಢ. ಈ ಗುಣಕ್ಕಾಗಿಯೇ ಮಸಾಲೆಯವರು, ಓಲಿಯೊರೆಸಿನ್ ಎಂಬ ಸಾರ ತೆಗೆಯುವ ಕಾರ್ಖಾನೆಯವರು ಇದನ್ನು ಹುಡುಕಿಕೊಂಡು ಬರುತ್ತಾರೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಕೆಂಪಿಗೆ ಕಾರಣ ಕ್ಯಾಪ್ಸಾಂಥಿನ್, ಕ್ಯಾಪ್ಸೊರುಬಿನ್ ಎಂಬ ವರ್ಣದ್ರವ್ಯಗಳು. ಪ್ರಯೋಗಾಲಯದಲ್ಲಿ ಮೆಣಸಿನಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಬಣ್ಣ ಬಿಟ್ಟುಕೊಂಡ ದ್ರಾವಣದ ಮೂಲಕ 460 ನ್ಯಾನೊಮೀಟರ್ ತರಂಗಾಂತರದ ಬೆಳಕು ಹಾಯಿಸಿ, ಅದರಲ್ಲಿ ಎಷ್ಟು ಹೀರಿಹೋಯಿತು ಎಂದು ಅಳೆಯುತ್ತಾರೆ. ಆ ಲೆಕ್ಕದಿಂದ ಬರುವುದೇ ವ್ಯಾಪಾರಸ್ಥರ ಬಾಯಲ್ಲಿರುವ ‘ಆಸ್ಟಾ’ ಅಂಕಿ.

ಫೋನಿನ ಕ್ಯಾಮೆರಾ ಹಾಗೆ ಅಳೆಯುವುದಿಲ್ಲ. ಅದರ ಸಂವೇದಕದ ಮೇಲೆ ಬೆಳಕು ಹಿಡಿಯುವ ಲಕ್ಷಾಂತರ ಚುಕ್ಕಿಗಳಿವೆ. ಒಂದೊಂದು ಚುಕ್ಕಿಯೂ ಬೆಳಕು ಎಷ್ಟು ಎಂದಷ್ಟೇ ಬಲ್ಲದು. ಯಾವ ಬಣ್ಣ ಎಂದು ಅರಿಯದು. ಆದ್ದರಿಂದ ಚುಕ್ಕಿಗಳ ಮೇಲೆ ಬಣ್ಣದ ಸೋಸುಹಾಳೆ ಕೂರಿಸಿರುತ್ತಾರೆ. ಸಾಮಾನ್ಯವಾಗಿ ಪ್ರತಿ ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ನೀಲಿ, ಒಂದು ಕೆಂಪು. ಅಂದರೆ ಮೆಣಸಿನಕಾಯಿಯ ಕೆಂಪನ್ನು ನೇರವಾಗಿ ನೋಡುವುದು ನಾಲ್ಕರಲ್ಲಿ ಒಂದೇ ಚುಕ್ಕಿ. ಉಳಿದ ಮೂರರ ಜಾಗದಲ್ಲಿ ಕೆಂಪು ಎಷ್ಟಿರಬಹುದು ಎಂಬುದನ್ನು ಅಕ್ಕಪಕ್ಕದ ಚುಕ್ಕಿ ನೋಡಿ ತಂತ್ರಾಂಶ ಊಹಿಸುತ್ತದೆ.

ಆಮೇಲೆ ‘ವೈಟ್ ಬ್ಯಾಲೆನ್ಸ್’. ಬಿಸಿಲಿನಲ್ಲಿ, ತಗಡಿನ ನೆರಳಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಒಂದೇ ಬಿಳಿ ಹಾಳೆ ಬೇರೆ ಬೇರೆ ಛಾಯೆಯ ಬೆಳಕು ಚೆಲ್ಲುತ್ತದೆ. ನಮ್ಮ ಮೆದುಳು ಅದನ್ನು ತಾನಾಗಿ ಸರಿಪಡಿಸಿಕೊಂಡು ಬಿಳಿ ಎಂದೇ ಹೇಳುತ್ತದೆ. ಫೋನು ಆ ಕೆಲಸವನ್ನು ಲೆಕ್ಕ ಹಾಕಿ ಮಾಡಬೇಕು. ಹಳೆಯ, ಸರಳ ಸೂತ್ರವೊಂದಿದೆ: ಯಾವುದೇ ದೃಶ್ಯದ ಎಲ್ಲ ಬಣ್ಣಗಳ ಸರಾಸರಿ ಬೂದು ಎಂದು ಹಿಡಿ, ಸರಾಸರಿ ಎತ್ತಲಾದರೂ ವಾಲಿದ್ದರೆ ಅದು ಬೆಳಕಿನ ದೋಷ, ಅದನ್ನು ಎದುರು ದಿಕ್ಕಿಗೆ ಎಳೆ. ಊರು, ಮರ, ಮನುಷ್ಯರ ಚಿತ್ರಕ್ಕೆ ಈ ಸೂತ್ರ ನಡೆಯುತ್ತದೆ. ಚೌಕಟ್ಟಿನ ತುಂಬ ಬರೀ ಮೆಣಸಿನಕಾಯಿ ಇದ್ದರೆ ಎಡವುತ್ತದೆ. ಬೆಳಕೇ ಕೆಂಪಾಗಿದೆ ಎಂದುಕೊಂಡು ಕೆಂಪನ್ನು ಇಳಿಸುತ್ತದೆ. ಈಗಿನ ಫೋನುಗಳು ಇದಕ್ಕಿಂತ ಜಾಣವಾಗಿವೆ, ಆದರೂ ಒಂದೇ ಚೀಲದ ಕಾಯಿ ಎರಡು ಫೋನಿನಲ್ಲಿ ಎರಡು ಬಣ್ಣವಾಗಿ ಕಾಣುವುದು ತಪ್ಪಿಲ್ಲ. ಜೆಪೆಗ್ ಆಗಿ ಉಳಿಯುವಾಗ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಹೆಚ್ಚು ಕುಗ್ಗಿಸುತ್ತಾರೆ, ವಾಟ್ಸ್‌ಆ್ಯಪ್ ಇನ್ನೊಮ್ಮೆ ಕುಗ್ಗಿಸುತ್ತದೆ, ಕೊನೆಗೆ ನೋಡುವವರ ಪರದೆ ತನ್ನದೇ ಛಾಯೆ ಸೇರಿಸುತ್ತದೆ. ರಾಶಿಯ ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ಫೋಟೊ ತೆಗೆದರೆ ಫೋನಿಗೂ ನೋಡುವವರಿಗೂ ಹೋಲಿಸಲು ಒಂದು ಆಧಾರ ಸಿಗುತ್ತದೆ. ಖರ್ಚಿಲ್ಲದ ಉಪಾಯ, ರೈತರು ಇದನ್ನು ರೂಢಿಸಿಕೊಳ್ಳಬೇಕು.

ಬಣ್ಣ ಒಂದು ಉದಾಹರಣೆ ಮಾತ್ರ. ಕೈಯಲ್ಲಿರುವ ಫೋನು ಇಂಥ ನೂರಾರು ತೀರ್ಮಾನಗಳನ್ನು ನಮ್ಮನ್ನು ಕೇಳದೆ ಮಾಡುತ್ತಿರುತ್ತದೆ. ಅವುಗಳಲ್ಲಿ ಹೆಚ್ಚಿನವು ನಡೆಯುವ ಜಾಗ ಕಾರ್ಯಾಚರಣೆ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ. ಅದರ ಕೆಲಸ ಎಪಿಎಂಸಿ ಪ್ರಾಂಗಣದ ಆಡಳಿತದ ಹಾಗೆ. ತಾನೇ ಏನನ್ನೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ಯಾರ ಲಾಟು ಎಲ್ಲಿ ಇಳಿಯಬೇಕು, ಯಾರು ಮೊದಲು, ಜಾಗ ಸಾಲದಿದ್ದರೆ ಯಾರನ್ನು ಎಬ್ಬಿಸಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ. ನಮ್ಮಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸ್ಮಾರ್ಟ್‌ಫೋನುಗಳಲ್ಲಿರುವುದು ಆಂಡ್ರಾಯ್ಡ್. ಅದರ ತಿರುಳು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್. ಗೂಗಲ್ 2005ರಲ್ಲಿ ಆಂಡ್ರಾಯ್ಡ್ ಕಂಪನಿಯನ್ನು ಕೊಂಡಿತು, ಮೊದಲ ಫೋನು ಹೊರಬಂದದ್ದು 2008ರಲ್ಲಿ.

ಈ ‘ಎಬ್ಬಿಸುವ’ ಕೆಲಸ ಹಾವೇರಿ ಜಿಲ್ಲೆಯ ಹೊಲದಲ್ಲಿ ಹೇಗೆ ಅನುಭವಕ್ಕೆ ಬರುತ್ತದೆ ಎಂದು ಹತ್ತಿರದಿಂದ ನೋಡೋಣ. ರಾಜ್ಯ ಸರ್ಕಾರ 2020ರಿಂದ ಬೆಳೆ ಸಮೀಕ್ಷೆಯನ್ನು ರೈತರೇ ಫೋನಿನಲ್ಲಿ ಮಾಡಲು ಆ್ಯಪ್ ಕೊಟ್ಟಿದೆ. ಹೊಲದಲ್ಲಿ ನಿಂತು ಸರ್ವೆ ನಂಬರ್, ಬೆಳೆ, ವಿಸ್ತೀರ್ಣ ತುಂಬಿ ಬೆಳೆಯ ಫೋಟೊ ತೆಗೆಯಬೇಕು. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆಗೆಲ್ಲ ಈ ಮಾಹಿತಿಯೇ ಆಧಾರ. ಇಂಥ ಯಾವುದೇ ಆ್ಯಪ್‌ನಲ್ಲಿ ಎಲ್ಲ ತುಂಬಿ ಕ್ಯಾಮೆರಾ ಗುಂಡಿ ಒತ್ತಿದಾಗ ಫೋನಿನೊಳಗೆ ಏನಾಗುತ್ತದೆ? ಕ್ಯಾಮೆರಾ ವಿಪರೀತ ಮೆಮೊರಿ ಕೇಳುವ ಪ್ರೋಗ್ರಾಮು. ಎರಡು ಜಿಬಿ ರ್‍ಯಾಮ್ ಇರುವ ಅಗ್ಗದ ಫೋನಿನಲ್ಲಿ ಅಷ್ಟು ಜಾಗ ಖಾಲಿ ಇರುವುದಿಲ್ಲ. ಆಗ ಆಂಡ್ರಾಯ್ಡ್, ಪರದೆಯ ಮೇಲೆ ಕಾಣದಿರುವ ಆ್ಯಪ್‌ಗಳನ್ನು ಒಂದೊಂದಾಗಿ ಮುಗಿಸುತ್ತ ಬರುತ್ತದೆ. ಕ್ಯಾಮೆರಾ ಮುಂದೆ ಬಂದಿರುವುದರಿಂದ ಸಮೀಕ್ಷೆಯ ಆ್ಯಪ್ ಹಿಂದೆ ಸರಿದಿದೆ, ಹಾಗಾಗಿ ಅದಕ್ಕೂ ಕುತ್ತು ಬರುತ್ತದೆ. ಫೋಟೊ ತೆಗೆದು ಮರಳಿದರೆ ಆ್ಯಪ್ ಮೊದಲಿನಿಂದ ತೆರೆದುಕೊಳ್ಳುತ್ತದೆ, ತುಂಬಿದ್ದೆಲ್ಲ ಖಾಲಿ. ಬಿಸಿಲಿನಲ್ಲಿ ನಿಂತವರು ತಮ್ಮ ಕೈತಪ್ಪೇ ಇರಬೇಕು ಎಂದುಕೊಂಡು ಮತ್ತೆ ತುಂಬುತ್ತಾರೆ.

ಅವರ ಕೈತಪ್ಪು ಅಲ್ಲ ಅದು. ಆ್ಯಪ್ ಬರೆಯುವವರು ಪ್ರತಿ ಹೆಜ್ಜೆಯಲ್ಲೂ ಮಾಹಿತಿಯನ್ನು ಉಳಿಸಿಡಬೇಕು ಎಂದು ಆಂಡ್ರಾಯ್ಡ್‌ನ ನಿಯಮಗಳೇ ಸಾರಿ ಹೇಳುತ್ತವೆ. ಎಂಟು ಜಿಬಿ ಫೋನಿನಲ್ಲಿ ಪರೀಕ್ಷಿಸುವವರಿಗೆ ಈ ತೊಂದರೆ ಎದುರಾಗುವುದೇ ಇಲ್ಲ, ಆದ್ದರಿಂದ ನೆನಪೂ ಆಗುವುದಿಲ್ಲ. ಜನರಿಗಾಗಿ ಮಾಡುವ ಯಾವ ಆ್ಯಪನ್ನೂ ಊರಿನ ಅತಿ ಅಗ್ಗದ ಫೋನಿನಲ್ಲಿ, ಸಿಗ್ನಲ್ ಇಲ್ಲದ ಜಾಗದಲ್ಲಿ ಓಡಿಸಿ ನೋಡದೆ ಬಿಡುಗಡೆ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಿಗ್ನಲ್ಲಿನ ಮಾತೂ ಮುಖ್ಯ, ಹೊಲ ಎಲ್ಲಿದೆ ಎಂಬುದನ್ನೂ ಫೋನು ಗುರುತಿಸಬೇಕಲ್ಲ. ಉಪಗ್ರಹಗಳಿಂದ ಸ್ಥಳ ಗುರುತಿಸಲು ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ಆದರೆ ಉಪಗ್ರಹಗಳು ಈಗ ಎಲ್ಲಿವೆ ಎಂಬ ವಿವರವನ್ನು ಫೋನು ನೆಟ್‌ವರ್ಕಿನಿಂದ ಬೇಗ ಪಡೆಯುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಅದೇ ವಿವರ ಉಪಗ್ರಹದಿಂದಲೇ ಬರಬೇಕು, ಅದು ಬರುವ ವೇಗ ಸೆಕೆಂಡಿಗೆ 50 ಬಿಟ್. ಅರ್ಧ ನಿಮಿಷವಾದರೂ ಬೇಕು. ತೆರೆದ ಆಕಾಶದ ಕೆಳಗೆ ಕದಲದೆ ನಿಂತರೆ ಬೇಗ ಸಿಗುತ್ತದೆ.

ರಾಣೆಬೆನ್ನೂರಿನ ಮೊಬೈಲ್ ರಿಪೇರಿ ಅಂಗಡಿಗೆ ಹೋದರೆ ಕೇಳುವ ಮಾತು: ‘ಅಣ್ಣಾರ, ಫೋನ್ ಹ್ಯಾಂಗ್ ಹೊಡಿಯಾಕತ್ತೈತ್ರಿ.’ ಇದಕ್ಕೂ ಮೂಲ ಹಲವು ಸಲ ಜಾಗದ ಕೊರತೆಯೇ. ಎರಡು ಬಗೆಯ ಜಾಗಗಳಿವೆ. ಒಂದು ರ್‍ಯಾಮ್, ಸದ್ಯ ನಡೆಯುತ್ತಿರುವ ಕೆಲಸಕ್ಕೆ. ಇನ್ನೊಂದು ಸ್ಟೋರೇಜ್, ಫೋಟೊ, ವಿಡಿಯೊ ಉಳಿಯುವಲ್ಲಿ. ಗುಂಪುಗಳಲ್ಲಿ ಬೆಳಗಾದರೆ ಬರುವ ಶುಭೋದಯದ ಚಿತ್ರಗಳೆಲ್ಲ ಸ್ಟೋರೇಜಿನಲ್ಲಿ ಕೂರುತ್ತವೆ. ಅದು ಪೂರ್ತಿ ತುಂಬಿದರೆ ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಅಳಿಸಿ ಸರಿಸುವ ಕೆಲಸ ಬೀಳುತ್ತದೆ, ಫೋನು ನಿಧಾನವಾಗುತ್ತದೆ. ಆ್ಯಪ್‌ಗಳನ್ನು ಮೇಲೆ ಮೇಲೆ ತಳ್ಳಿ ಮುಚ್ಚುವುದರಿಂದ ಇದು ಸರಿಹೋಗುವುದಿಲ್ಲ. ಹಾಗೆ ಮುಚ್ಚಿದ್ದನ್ನು ಮತ್ತೆ ತೆರೆಯಲು ಬ್ಯಾಟರಿಯೇ ಹೆಚ್ಚು ಖರ್ಚು.

ಇನ್ನು ನಮ್ಮ ಅಕ್ಷರಗಳ ಪಾಡು. ಕೀಲಿಮಣೆಯಲ್ಲಿ ‘ಬ್ಯಾಡಗಿ’ ಎಂದು ಬರೆದರೆ ಫೋನಿನಲ್ಲಿ ಉಳಿಯುವುದು ಏಳು ಸಂಕೇತಗಳು: ಬ, ಹಲಂತದ ಗುರುತು, ಯ, ದೀರ್ಘದ ಗುರುತು, ಡ, ಗ, ಗುಡಿಸು. ಇವನ್ನು ಹೀಗೆಯೇ ಸಾಲಾಗಿ ತೋರಿಸಿದರೆ ಓದಲಾಗದು. ಹಲಂತ ಕಂಡಾಗ ಮುಂದಿನ ಯಕಾರವನ್ನು ಒತ್ತಾಗಿ ಬದಲಿಸಿ ಬಕಾರದ ಜೊತೆ ಕೂರಿಸಬೇಕು, ದೀರ್ಘವನ್ನು ಬಕಾರಕ್ಕೆ ಹಚ್ಚಬೇಕು, ಗಕಾರದ ತಲೆಕಟ್ಟು ತೆಗೆದು ಗುಡಿಸು ಕೊಡಬೇಕು. ‘ಕರ್ನಾಟಕ’ದಲ್ಲಿ ಇನ್ನೂ ಒಂದು ತಿರುವು: ರಕಾರ ಒತ್ತುವುದು ಮೊದಲು, ಅರ್ಕಾವತ್ತಾಗಿ ಕಾಣುವುದು ನಕಾರದ ನಂತರ. ಈ ಜೋಡಣೆಯ ವಿದ್ಯೆ ಕಾರ್ಯಾಚರಣೆ ವ್ಯವಸ್ಥೆಯಲ್ಲೇ ಇರಬೇಕು, ಇಲ್ಲದಿದ್ದರೆ ಯಾವ ಆ್ಯಪ್ ಹಾಕಿದರೂ ಪ್ರಯೋಜನವಿಲ್ಲ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲೇ 128 ಸ್ಥಾನಗಳು ಮೀಸಲಾಗಿದ್ದವು. ಆದರೂ ಆಂಡ್ರಾಯ್ಡ್‌ಗೆ ಕನ್ನಡದ ಬೆಂಬಲ ಬಂದದ್ದು 2012ರಲ್ಲಿ, 4.1ನೆಯ ಆವೃತ್ತಿಯೊಡನೆ, ತೆಲುಗು ಮಲಯಾಳಗಳ ಜೊತೆಗೆ. ಮೊದಲ ಆಂಡ್ರಾಯ್ಡ್ ಫೋನಿನಿಂದ ಅಲ್ಲಿಯವರೆಗಿನ ನಾಲ್ಕು ವರ್ಷ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದುದನ್ನು ಅನೇಕರು ಮರೆತಿಲ್ಲ. ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ರೂಢಿ ಬೆಳೆಯಿತು, ಕನ್ನಡ ಮೂಡಿದ ಮೇಲೂ ಅದು ಬಿಟ್ಟುಹೋಗಲಿಲ್ಲ.

ಎಸ್ಸೆಮ್ಮೆಸ್ಸಿನಲ್ಲಿ ಈ ಅಸಮಾನತೆ ಇಂದಿಗೂ ಉಳಿದಿದೆ. ಒಂದು ಸಂದೇಶಕ್ಕೆ 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತವೆ. ಕನ್ನಡದ ಒಂದೊಂದು ಸಂಕೇತಕ್ಕೆ ಎರಡು ಬೈಟ್, ಹಾಗಾಗಿ 70ಕ್ಕೇ ಮುಗಿಯುತ್ತದೆ. ರಾಣೆಬೆನ್ನೂರು ಎಂಬ ಹೆಸರೊಂದೇ ಅದರಲ್ಲಿ 12 ನುಂಗುತ್ತದೆ. ಮಾರುಕಟ್ಟೆಯಿಂದಲೋ ಬ್ಯಾಂಕಿನಿಂದಲೋ ಸಾವಿರಾರು ಜನಕ್ಕೆ ಸಂದೇಶ ಕಳಿಸುವಾಗ ಕನ್ನಡದ್ದು ಎರಡು ಮೂರು ತುಂಡಾಗುತ್ತದೆ, ಖರ್ಚೂ ಅಷ್ಟು ಪಟ್ಟು. ಇಂಗ್ಲಿಷಿನಲ್ಲೇ ಸಂದೇಶ ಬರುವುದರ ಹಿಂದೆ ಉದಾಸೀನದ ಜೊತೆ ಈ ಗಣಿತವೂ ಇದೆ. ಆದರೂ ಆ ಖರ್ಚನ್ನು ಭರಿಸಬೇಕು. ಓದಲು ಬಾರದ ಭಾಷೆಯಲ್ಲಿ ಬೆಲೆ ತಿಳಿಸಿದರೆ ತಿಳಿಸಿದಂತೆಯೇ ಅಲ್ಲ.

ಬೆಲೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕರ್ನಾಟಕದ ಎಪಿಎಂಸಿಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಇ-ಟೆಂಡರ್ ನಡೆಯುತ್ತ ಬಂದಿದೆ. ಪ್ರತಿ ಲಾಟಿಗೆ ಸಂಖ್ಯೆ, ವರ್ತಕರು ಗುಟ್ಟಾಗಿ ಬೆಲೆ ನಮೂದಿಸಬೇಕು, ಹೊತ್ತು ಮುಗಿದ ಮೇಲೆ ಅತಿ ಹೆಚ್ಚಿನದು ಪ್ರಕಟವಾಗುತ್ತದೆ. ಒಪ್ಪುವುದು ಬಿಡುವುದು ರೈತರಿಗೆ ಬಿಟ್ಟದ್ದು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದ ಪದ್ಧತಿಗೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ. ಆದರೆ 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ಧಾರಣೆ ದಿಢೀರ್ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ಪರದೆಯ ಮೇಲೆ ಬೆಲೆ ಮೂಡುತ್ತದೆ, ಆ ಬೆಲೆ ಯಾಕೆ ಹಾಗಾಯಿತು ಎಂಬುದು ಮೂಡುವುದಿಲ್ಲ. ಆವಕ ಎಷ್ಟು, ಶೀತಲಗೃಹಗಳಲ್ಲಿ ಹಳೆಯ ದಾಸ್ತಾನು ಎಷ್ಟು, ಗುಂಟೂರಿನ ಮೆಣಸಿನಕಾಯಿ ಪೇಟೆಯಲ್ಲಿ ಏನು ನಡೆದಿದೆ ಎಂಬುದೆಲ್ಲ ಅದೇ ಫೋನಿನಲ್ಲಿ, ಕನ್ನಡದಲ್ಲಿ, ಮಾಲು ಹೇರಿಕೊಂಡು ಹೊರಡುವ ಮೊದಲೇ ಸಿಗುವಂತಾಗಬೇಕು. ತಂತ್ರಜ್ಞಾನಕ್ಕೆ ಇದು ಕಷ್ಟದ ಕೆಲಸವೇನಲ್ಲ.

ಫೋನು ಕೆಟ್ಟಿಲ್ಲ, ಆದರೂ ಕೆಲಸಕ್ಕೆ ಬಾರದು ಎಂಬ ಸ್ಥಿತಿ ಇನ್ನೊಂದು. ನೋಕಿಯಾದ ಎಸ್60 ಫೋನುಗಳಿಗೆ ವಾಟ್ಸ್‌ಆ್ಯಪ್ 2017ರ ಜೂನ್‌ನಲ್ಲಿ ನಿಂತಿತು, ವಿಂಡೋಸ್ ಫೋನಿಗೆ 2019ರ ಕೊನೆಗೆ. ಯಂತ್ರ ಗಟ್ಟಿಮುಟ್ಟಾಗಿಯೇ ಇತ್ತು, ವ್ಯವಸ್ಥೆಯನ್ನು ಕಾಯುವವರು ಇರಲಿಲ್ಲ. ಆಂಡ್ರಾಯ್ಡ್‌ನಲ್ಲೂ ಅಗ್ಗದ ಫೋನುಗಳಿಗೆ ಭದ್ರತೆಯ ತೇಪೆಗಳು ಬರುವುದು ಬೇಗ ನಿಂತುಹೋಗುತ್ತದೆ. ಯಾರ ಹಿಡಿತ ಎಷ್ಟು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಆಂಡ್ರಾಯ್ಡ್‌ನ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ, ಆದರೆ ಪ್ಲೇಸ್ಟೋರ್ ಬೇಕೆಂದರೆ ಗೂಗಲ್‌ನ ಷರತ್ತಿಗೆ ಸಹಿ ಹಾಕಬೇಕು. ಆ ಷರತ್ತುಗಳು ಪ್ರಾಬಲ್ಯದ ದುರ್ಬಳಕೆ ಎಂದು ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು.

ವ್ಯವಸ್ಥೆ ನಮ್ಮ ಪರವಾಗಿ ಮಾಡುವ ಅತಿ ದೊಡ್ಡ ಉಪಕಾರ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಆ್ಯಪನ್ನೂ ಆಂಡ್ರಾಯ್ಡ್ ಬೇರೆ ಬೇರೆ ಬಳಕೆದಾರರೆಂದು ಎಣಿಸಿ ಒಂದರ ಕಡತ ಇನ್ನೊಂದಕ್ಕೆ ಸಿಗದಂತೆ ಗೋಡೆ ಕಟ್ಟಿರುತ್ತದೆ. ಸಂದೇಶ ಓದಲು, ಕ್ಯಾಮೆರಾ ಬಳಸಲು ಆಯಾ ಹೊತ್ತಿನಲ್ಲೇ ನಮ್ಮ ಅನುಮತಿ ಕೇಳುವ ಪದ್ಧತಿ 2015ರಲ್ಲಿ ಬಂತು. ಈ ಗೋಡೆಯನ್ನು ಒಡೆಯಲಾಗದ ವಂಚಕರು ನಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತಾರೆ. ಮದುವೆ ಆಮಂತ್ರಣ, ಪಿಎಂ ಕಿಸಾನ್ ಕಂತು ಎಂಬ ಹೆಸರು ಹೊತ್ತು ವಾಟ್ಸ್‌ಆ್ಯಪ್‌ನಲ್ಲಿ ಬರುವ ಕಡತದ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಪತ್ರವಲ್ಲ, ಆ್ಯಪ್. ತೆರೆದರೆ ಸಂದೇಶ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿ ಅವರ ಪಾಲು.

ಪರಿಚಿತರ ನಂಬರಿನಿಂದ ಬಂದರೂ ಅಂಥದ್ದನ್ನು ಮುಟ್ಟಬೇಡಿ. ಅವರ ಫೋನೇ ಮೊದಲು ವಂಚಕರ ಕೈಸೇರಿರಬಹುದು. ಒತ್ತಿಬಿಟ್ಟಿದ್ದರೆ ಕೂಡಲೇ ಮೊಬೈಲ್ ಡೇಟಾ ಮತ್ತು ವೈಫೈ ಆರಿಸಿ, ಮನೆಯವರ ಇನ್ನೊಂದು ಫೋನಿನಿಂದ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಿ. ದೂರು ಬೇಗ ಸೇರಿದಷ್ಟೂ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ಅದನ್ನು ತಡೆಹಿಡಿಯಲು ಸಾಧ್ಯವಾಗುತ್ತದೆ.